ಅಟ್ಟಣೆಯ ಕೆಳಗಿನ ದಾರಿ

ನನ್ನ ಕೆಲಸ ನೋಡುವುದು. ಸ್ಯಾನ್ ಡಿಯೇಗೊದ ಒಂದು ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಮೈಕ್ರೋಸ್ಕೋಪಿನ ಮುಂದೆ ಕೂತು, ಗಾಜಿನ ಪಟ್ಟಿಗಳ ಮೇಲೆ ಹರಡಿದ ಜೀವಕೋಶಗಳನ್ನು ನೋಡುತ್ತೇನೆ. ಸಾವಿರಾರು ಒಳ್ಳೆಯ ಕೋಶಗಳ ನಡುವೆ ಕೆಟ್ಟದ್ದೊಂದು ಇದ್ದರೆ ಅದರ ಪಕ್ಕ ಶಾಯಿಯ ಚುಕ್ಕೆ ಇಟ್ಟು ಡಾಕ್ಟರ ಮೇಜಿಗೆ ಕಳಿಸಬೇಕು. ಇಷ್ಟು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿಕೊಂಡು ಹೋದದ್ದು ಬಹಳ ಕಡಿಮೆ. ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ನಾನು ನನ್ನ ಗಂಡನಿಗೆ 'ನೀನು ಕಾಣಲಿಲ್ಲ' ಎಂದು ಹೇಳಿದ ಮಾತು ಬರುತ್ತದೆ. ಅಲ್ಲಿಗೆ ಬಂದಾಗ ನನ್ನ ಕೆಲಸ ಏನೆಂಬುದು ಓದುವವರಿಗೆ ನೆನಪಿರಲಿ ಎಂದು ಮೊದಲೇ ಹೇಳಿಬಿಡುತ್ತಿದ್ದೇನೆ.

ನಾವಿಬ್ಬರೂ ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಒಂದೇ ಬ್ಯಾಚು, ಆದ್ದರಿಂದ ಇವತ್ತಿಗೂ ಏಕವಚನ. ಅವನದು ಮಂಡ್ಯದ ಕಡೆಯ, ಭಾನುವಾರ ಬಾಡೂಟ ಆಗಲೇಬೇಕಾದ ಮನೆ. ನಮ್ಮದು ಬೆಳ್ಳುಳ್ಳಿಗೂ ಪ್ರವೇಶವಿಲ್ಲದ ಮನೆ. ಮದುವೆಗೆ ಮೊದಲು ಒಂದು ಒಪ್ಪಂದವಾಗಿತ್ತು: ಅವನು ಏನನ್ನಾದರೂ ತಿನ್ನಲಿ, ನನ್ನ ಅಡುಗೆಮನೆಗೆ ಮಾಂಸ ಬರಕೂಡದು. ರಾಂಚೊ ಬರ್ನಾರ್ಡೊದ ಮನೆ ಕೊಂಡಾಗ ಗ್ಯಾರೇಜಿನಲ್ಲಿ ಅವನಿಗೊಂದು ಫ್ರಿಜ್ಜು, ಒಂದು ಇಂಡಕ್ಷನ್ ಒಲೆ, ಹಿಡಿಗೆ ಕೆಂಪು ಟೇಪು ಸುತ್ತಿದ ನಾಲ್ಕು ಪಾತ್ರೆ ಕೊಟ್ಟೆ. ಇಪ್ಪತ್ತೈದು ವರ್ಷ ಆ ಒಪ್ಪಂದ ಒಂದು ದಿನವೂ ಮುರಿಯಲಿಲ್ಲ. ನೆಂಟರು ನಮ್ಮನ್ನು ನೋಡಿ ಎಷ್ಟು ಹೊಂದಿಕೊಂಡಿದ್ದಾರೆ ಎನ್ನುತ್ತಿದ್ದರು. ಹೊಂದಿಕೊಂಡದ್ದು ಅವನು. ನಾನು ಷರತ್ತು ಹಾಕಿದೆ ಅಷ್ಟೆ.

ಲಾಕ್‌ಡೌನಿಗೆ ಒಂದು ವರ್ಷ ಮೊದಲು ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಬೆಳಿಗ್ಗೆ ಒಂದು ಮಾತ್ರೆ, ಮಾತ್ರೆಯ ಹಿಂದೆಯೇ ತಿಂಡಿ, ದಿನಾ ನಡಿಗೆ. ತಿಂಡಿ ತಿನ್ನದೆ ಮಾತ್ರೆ ನುಂಗಿದರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು ಎಂದು ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದ್ದರು. ನಾನೂ ಕೇಳಿಸಿಕೊಂಡಿದ್ದೆ, ತಲೆ ಆಡಿಸಿದ್ದೆ.

2020ರಲ್ಲಿ ಆಫೀಸು ಮುಚ್ಚಿ, ಊಟದ ಮೇಜೇ ಅವನ ಆಫೀಸಾಯಿತು. ಸಾಯಂಕಾಲ ಬೆಟ್ಟದ ಕಡೆ ನಡೆಯಲು ಹೋಗುತ್ತಿದ್ದವನು ಒಂದು ದಿನ ಬಂದು ಜಿಂಕೆಯ ಗೊರಸಿನ ಗುರುತು ಕಂಡೆ ಎಂದ. ಆಮೇಲೆ ಅದೇ ಮಾತು. ಬೇಟೆಯವರಿಗೆ ಸರ್ಕಾರ ನಡೆಸುವ ಕ್ಲಾಸನ್ನು ಆನ್‌ಲೈನಿನಲ್ಲಿ ಮುಗಿಸಿದ, ಬಿಲ್ಲು ತರಿಸಿದ, ಹಿತ್ತಲಲ್ಲಿ ಗುರಿ ನೆಟ್ಟ. ನಾನು ಚೆನ್ನಾಗಿ ತಮಾಷೆ ಮಾಡಿದೆ. ಈ ವಯಸ್ಸಿಗೆ ಬಿಲ್ಲು ಹಿಡಿದರೆ ಭುಜಕ್ಕೆ ಎಣ್ಣೆ ತಿಕ್ಕುವವರು ಯಾರು ಎಂದು ಕೇಳಿದೆ. ಜಿಂಕೆ ಹೊಡೆಯಲು ಸರ್ಕಾರ ಕೊಡುವ ಪರವಾನಗಿ ಚೀಟಿ, ಅವನ ಹೆಸರಿನ ಟ್ಯಾಗು, ಅಂಚೆಯಲ್ಲಿ ಬಂದ ದಿನ ಮಾತ್ರ ನನಗೆ ನಗು ಬರಲಿಲ್ಲ. ಊಟದ ಮೇಜಿನ ಮೇಲೆ ಅದನ್ನು ಇಟ್ಟಿದ್ದ. ತೆಗೆದು ಗ್ಯಾರೇಜಿನಲ್ಲಿಡು ಎಂದೆ. ಆಮೇಲೆ ಹೊಸ ಷರತ್ತು ಹಾಕಿದೆ.

"ಕೊಲ್ಲೋಕೆ ಹೋಗೋ ದಿನ ನನ್ನ ಅಡುಗೆಮನೆಯಿಂದ ಒಂದು ತುತ್ತೂ ಹೊರಗೆ ಹೋಗಲ್ಲ. ವಾಪಸ್ ಬಂದು ಸ್ನಾನ ಮಾಡಿದ ಮೇಲೇ ನಿಂಗೆ ಊಟ."

ನಮ್ಮಜ್ಜಿಯ ಮನೆಯಲ್ಲಿ ಸ್ಮಶಾನಕ್ಕೆ ಹೋಗಿ ಬಂದವರಿಗೆ ಸ್ನಾನವಾಗುವ ತನಕ ನೀರನ್ನೂ ಕೊಡುತ್ತಿರಲಿಲ್ಲ. ಆ ನಿಯಮವನ್ನು ನಾನು ಅವನು ಹೊರಡುವ ಮೊದಲಿನ ಹೊತ್ತಿಗೂ ಹಚ್ಚಿದೆ. ಯಾವ ಶಾಸ್ತ್ರದಲ್ಲೂ ಇಲ್ಲದ ಮಡಿ ಅದು, ನನ್ನ ಸಿಟ್ಟು ಹುಟ್ಟಿಸಿದ್ದು. ಅವನು ನಕ್ಕು ಒಪ್ಪಿದ. ಒಪ್ಪಲು ಅವನಿಗೂ ಕಾರಣವಿತ್ತು. ಬೇಟೆಗಾರನ ಬಾಯಲ್ಲಿ, ಬಟ್ಟೆಯಲ್ಲಿ ಒಗ್ಗರಣೆಯ ವಾಸನೆ ಇರಬಾರದಂತೆ. ಖಾಲಿ ಹೊಟ್ಟೆಯೇ ಒಳ್ಳೆಯದು ಎಂದ. ಇಬ್ಬರಲ್ಲಿ ಒಬ್ಬರಾದರೂ ತಕರಾರು ಮಾಡಿದ್ದರೆ ಆ ಷರತ್ತು ಅಲ್ಲೇ ಬಿದ್ದುಹೋಗುತ್ತಿತ್ತು.

ಮೊದಲ ವರ್ಷ ಪಲೋಮಾರ್ ಬೆಟ್ಟದ ಕಾಡಿನಲ್ಲಿ ಪೊದೆಯ ಹಿಂದೆ ಕೂತು ಬಂದ. ಜಿಂಕೆಗಳು ಅವನನ್ನು ದೂರದಿಂದಲೇ ಮೂಸಿ ಹೊರಟುಹೋದವು. ಎರಡನೇ ವರ್ಷ ಟ್ರೀಸ್ಟ್ಯಾಂಡ್ ಬಂತು. ಮರಕ್ಕೆ ಪಟ್ಟಿಯಿಂದ ಬಿಗಿಯುವ ಕಬ್ಬಿಣದ ಪುಟ್ಟ ಅಟ್ಟಣೆ, ಕೂರಲು ಅಂಗೈಯಗಲದ ಸೀಟು, ಕಾಲಿಡಲು ಜಾಲರಿ. ಹತ್ತಲು ಮೆಟ್ಟಿಲಿನ ತುಂಡುಗಳನ್ನು ಒಂದರ ಮೇಲೊಂದು ಮರಕ್ಕೆ ಕಟ್ಟಬೇಕು. ಅವನ ಊರಿನ ಹೊಲಗಳಲ್ಲೂ ಅಟ್ಟಣೆ ಇರುತ್ತಿತ್ತಂತೆ. ಅದರ ಮೇಲೆ ಕೂತವರು ತಮಟೆ ಬಡಿದು, ಕೂಗಿ, ನಾವಿಲ್ಲಿದ್ದೇವೆ ಎಂದು ಹಂದಿಗಳಿಗೆ ತಿಳಿಸುತ್ತಿದ್ದರಂತೆ. ಇದು ಅದಕ್ಕೆ ಪೂರ್ತಿ ತಿರುಗಾಮುರುಗ. ಇಲ್ಲಿ ಕೂತವನು ಇಲ್ಲವೇ ಇಲ್ಲ ಎನ್ನುವಂತೆ ಇರಬೇಕು.

ಜೂನ್ ತಿಂಗಳಿಡೀ ಮರ ಹುಡುಕಿದೆವು. ನಾವು ಎನ್ನುತ್ತಿದ್ದೇನೆ, ಏಕೆಂದರೆ ಅವನೊಬ್ಬನನ್ನೇ ಬೆಟ್ಟಕ್ಕೆ ಕಳಿಸಲು ನನಗೆ ಧೈರ್ಯವಿರಲಿಲ್ಲ. ಅಲ್ಲಿ ಫೋನ್ ಸಿಗ್ನಲ್ ಇಲ್ಲ. ಸಕ್ಕರೆ ಏರುಪೇರಾಗಿ ಎಲ್ಲಾದರೂ ಬಿದ್ದರೆ ಯಾರಿಗೆ ಗೊತ್ತಾಗಬೇಕು? ಅವನನ್ನು ಕಾಯುವುದಕ್ಕೆಂದೇ ನಾನು ಜೊತೆಗೆ ಹೋಗುತ್ತಿದ್ದೆ. ಇದನ್ನೂ ನೆನಪಿಟ್ಟುಕೊಳ್ಳಿ.

ಮರ ಆರಿಸುವುದು ಸುಲಭವಲ್ಲ ಎಂದು ಆಗ ಗೊತ್ತಾಯಿತು. ಜಿಂಕೆಗಳು ಇಳಿಜಾರಿನ ಒಂದು ಕಾಲುದಾರಿಯಲ್ಲಿ ಬೆಳಿಗ್ಗೆ ಒರತೆಯ ಕಡೆಯಿಂದ ಮೇಲಿನ ಪೊದೆಗಳಿಗೆ ಹೋಗುತ್ತಿದ್ದವು. ದಾರಿಯ ಮೇಲೇ ಅಟ್ಟಣೆ ಕಟ್ಟಿದರೆ ತಲೆಯೆತ್ತಿದ ಕೂಡಲೇ ಕಾಣುತ್ತದೆ, ಇಪ್ಪತ್ತು ಹೆಜ್ಜೆ ಪಕ್ಕಕ್ಕಿರಬೇಕು. ಬೆಳಗಿನ ಸೂರ್ಯ ಬೆನ್ನಿಗಿರಬೇಕು, ಆಗ ಜಿಂಕೆಯ ಕಣ್ಣಿಗೆ ಬಿಸಿಲು ಹೊಡೆಯುತ್ತದೆ. ಕಾಂಡ ಮನುಷ್ಯನಿಗಿಂತ ದಪ್ಪವಿರಬೇಕು, ಹಿಂದೆ ಕೊಂಬೆ ಎಲೆ ದಟ್ಟವಾಗಿರಬೇಕು, ಇಲ್ಲದಿದ್ದರೆ ಆಕಾಶದ ಬೆಳಕಿಗೆ ಮೈಯ ಆಕಾರ ಎದ್ದು ತೋರುತ್ತದೆ. ಎಲ್ಲಕ್ಕಿಂತ ಗಾಳಿ. ಟಾಲ್ಕಂ ಪೌಡರನ್ನು ಚಿಟಿಕೆ ಚಿಟಿಕೆ ಹಾರಿಸಿ ಅದು ಹೋಗುವ ಕಡೆ ನೋಡುತ್ತ ನಿಲ್ಲುತ್ತಿದ್ದ. ಬೆಳಿಗ್ಗೆ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಆದ್ದರಿಂದ ಅಟ್ಟಣೆ ದಾರಿಯ ಕೆಳಗಡೆ ಇರಬೇಕು. ಬಿಸಿಲೇರಿ ಹತ್ತು ಗಂಟೆಯಾಗುವಾಗ ಗಾಳಿ ತಿರುಗಿ ಮೇಲಕ್ಕೆ ಏಳುತ್ತದೆ. ಆಮೇಲೆ ಅಲ್ಲಿ ಕೂತು ಪ್ರಯೋಜನವಿಲ್ಲ, ವಾಸನೆ ನೇರ ದಾರಿಗೇ ಹೋಗುತ್ತದೆ. ಹತ್ತಕ್ಕೆ ಇಳಿಯಲೇಬೇಕು ಎಂದು ಅವನು ನನಗೆ ಪಾಠ ಹೇಳಿದ.

ಕೊನೆಗೆ ಒಂದು ಹಳೆಯ ಓಕ್ ಮರ ಒಪ್ಪಿಗೆಯಾಯಿತು. ಅಲ್ಲಿಂದ ಸ್ವಲ್ಪ ದೂರದ ಇನ್ನೊಂದು ಮರದಲ್ಲಿ ಬೇರೆ ಯಾರೋ ಎಂದೋ ಕಟ್ಟಿದ್ದ ಅಟ್ಟಣೆಯಿತ್ತು. ಸೀಟಿನ ಬಟ್ಟೆ ಕೊಳೆತುಹೋಗಿ, ಮರ ಬೆಳೆದು ಪಟ್ಟಿಯನ್ನು ತೊಗಟೆಯೊಳಗೆ ನುಂಗಿಕೊಂಡಿತ್ತು. ಕಟ್ಟಿದವನು ಬಿಚ್ಚಿಕೊಂಡು ಹೋಗಲು ಯಾಕೆ ಬರಲಿಲ್ಲ ಎಂದು ಕೇಳಿದೆ. ಸೋಮಾರಿ ಇರಬೇಕು ಎಂದ. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಮನೆಗೆ ಹೋದ ಮೇಲೂ ಆ ಪಟ್ಟಿಯೇ ಕಣ್ಣಿಗೆ ಕಟ್ಟಿತ್ತು.

ಅಟ್ಟಣೆ ಮೇಲೇರಿದ ಮೇಲೆ ನನ್ನ ಕೆಲಸ ಶುರುವಾಯಿತು. ನಾನು ಜಿಂಕೆಯಾಗಬೇಕು. ಅವನು ಮೇಲೆ ಕೂರುತ್ತಾನೆ, ನಾನು ಒರತೆಯಿಂದ ಹೊರಟು ಆ ಕಾಲುದಾರಿಯಲ್ಲಿ ಬಗ್ಗಿ ನಡೆಯುತ್ತ ಬರಬೇಕು, ನಾಲ್ಕು ಹೆಜ್ಜೆಗೊಮ್ಮೆ ನಿಂತು ತಲೆಯೆತ್ತಿ ಅವನ ಯಾವ ಭಾಗ ಕಾಣುತ್ತದೆ ಎಂದು ಹೇಳಬೇಕು. ಮೊದಲ ವಾರ ಇಡೀ ಮನುಷ್ಯನೇ ಕಂಡ. ಮರಕ್ಕೆ ಕಟ್ಟಿಹಾಕಿದ ಕಳ್ಳನ ಹಾಗೆ ಇದ್ದೀಯ ಎಂದೆ. ಅವನಿಗೆ ಸಿಟ್ಟು ಬಂತು, ಆದರೆ ಮರುವಾರ ಜಾಲರಿಗೆ ಮಚ್ಚೆಮಚ್ಚೆಯಾಗಿ ಬಣ್ಣ ಬಳಿದುಕೊಂಡು ಬಂದ. ಆಗ ಬೂಟಿನ ಅಡಿಗಳು ಕಂಡವು. ಅದಕ್ಕೆ ನನ್ನದೊಂದು ಹಳೆಯ ಇಳಕಲ್ ಸೀರೆಯನ್ನು ಚಹಾ ನೀರಿನಲ್ಲಿ ಅದ್ದಿ, ಹರಿದು, ಜಾಲರಿಯ ಸುತ್ತ ಲಂಗದಂತೆ ಕಟ್ಟಿದೆವು. ಆಮೇಲೆ ಮೊಣಕೈ. ಆಮೇಲೆ ಬಿಲ್ಲಿನ ನೆಟ್ಟಗಿನ ಗೆರೆ. ಕಾಡಿನಲ್ಲಿ ನೆಟ್ಟಗಿನ ಗೆರೆ ಇರುವುದಿಲ್ಲ, ಕಣ್ಣು ಮೊದಲು ಹೋಗುವುದೇ ಅದರ ಮೇಲೆ. ಇದನ್ನು ನಾನೇ ಅವನಿಗೆ ಹೇಳಿಕೊಟ್ಟೆ. ಲ್ಯಾಬಿನಲ್ಲೂ ಹಾಗೆಯೇ, ಇರಬಾರದ ಆಕಾರ ಮೊದಲು ಎಳೆಯುತ್ತದೆ.

ಬಾಣ ಹೋಗಲು ಎಲೆಗಳ ನಡುವೆ ದಾರಿ ಇದೆಯೇ ಎಂದು ನೋಡಲು ಅವನು ಬಾಣವಿಲ್ಲದ ಬಿಲ್ಲನ್ನು ನನ್ನ ಮೇಲೇ ಗುರಿಯಿಟ್ಟು ಎಳೆಯುತ್ತಿದ್ದ, ಮತ್ತೆ ಮೆಲ್ಲಗೆ ಬಿಡುತ್ತಿದ್ದ. ಬಾಣವಿಲ್ಲವೆಂದು ಗೊತ್ತಿದ್ದರೂ ನಾನು ಮುಖಕ್ಕೆ ಕೈ ಅಡ್ಡ ಹಿಡಿಯುತ್ತಿದ್ದೆ. ಮೇಲಿನಿಂದ ಅವನ ದನಿ ಬರುತ್ತಿತ್ತು, ಇನ್ನೊಂದು ಹೆಜ್ಜೆ ಮುಂದೆ ಬಾ, ಅಲ್ಲೇ ನಿಲ್ಲು ಎಂದು. ಆಗಸ್ಟಿನ ಕೊನೆಯಲ್ಲಿ ಒಂದು ದಿನ ನಡೆದು ಬಂದು ತಲೆಯೆತ್ತಿದರೆ ಯಾರೂ ಇರಲಿಲ್ಲ. ಎಲೆ, ತೊಗಟೆ, ನೆರಳು ಅಷ್ಟೇ. ಇದ್ದೀಯಾ ಎಂದು ಕೂಗಿದೆ. ಉತ್ತರ ಬರಲು ತಡವಾಯಿತು. ಬೇಕೆಂದೇ ತಡ ಮಾಡಿದ್ದ. ಅವನು ನಗುತ್ತಿದ್ದ, ನನಗೆ ಅಳು ಬಂದಿತ್ತು.

ಮುಚ್ಚಿಡುವುದು ಅಷ್ಟಕ್ಕೇ ನಿಲ್ಲಲಿಲ್ಲ. ಬಕಲುಗಳು ಸದ್ದು ಮಾಡದಂತೆ ಬಟ್ಟೆ ಸುತ್ತಿದ. ದಾರಿಹೋಕರ ಕಣ್ಣಿಗೆ ಬೀಳದಂತೆ, ಮೇಲೆ ಹತ್ತಿದ ಮೇಲೆ ಕೆಳಗಿನ ಮೆಟ್ಟಿಲಿನ ತುಂಡನ್ನು ಹಗ್ಗದಿಂದ ಮೇಲಕ್ಕೆ ಎಳೆದುಕೊಳ್ಳತೊಡಗಿದ. ಜೇಬಿನಲ್ಲಿ ಸಕ್ಕರೆ ಇಳಿದರೆ ಇರಲಿ ಎಂದು ಇಟ್ಟುಕೊಳ್ಳುತ್ತಿದ್ದ ಬಿಸ್ಕೆಟ್ಟನ್ನು ಅದರ ಕಾಗದ ಸರಬರ ಎನ್ನುತ್ತದೆಂದು ಕಾರಿನಲ್ಲೇ ಬಿಟ್ಟ. ನಮ್ಮಿಬ್ಬರ ನಡುವೆಯೂ ನಿಯಮಗಳಾದವು. ನಾನು ರಸ್ತೆಯ ಬದಿಗೆ ಕಾರಿನಲ್ಲಿ ಕಾಯಬೇಕು. ಹತ್ತು ಗಂಟೆಗೆ ಕಾಲುದಾರಿಯಲ್ಲಿ ಮರದ ತನಕ ಹೋಗಬೇಕು. ಕೂಗಬಾರದು. ಅವನು ಇಳಿದಿದ್ದರೆ ಜೊತೆಗೆ ಬರುತ್ತಾನೆ. ಇಳಿಯದೆ ಕೂತೇ ಇದ್ದರೆ ಹತ್ತಿರದಲ್ಲೇ ಜಿಂಕೆ ಇದೆ ಎಂದು ಅರ್ಥ, ನಾನು ಸದ್ದಿಲ್ಲದೆ ಹಿಂದಿರುಗಬೇಕು.

ಆ ಸೆಪ್ಟೆಂಬರಿನ ಶನಿವಾರ ಬೆಳಗಿನ ಜಾವ ನಾಲ್ಕಕ್ಕೆ ನಾನು ಅಡುಗೆಮನೆಯಲ್ಲಿ ನನಗಾಗಿ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಕಾರಿನಲ್ಲಿ ಆರು ಗಂಟೆ ಕೂರಬೇಕಾದವಳು ನಾನು, ನನಗೆ ತಿಂಡಿ ಬೇಕು. ಅವನು ಬಾಗಿಲಲ್ಲಿ ನಿಂತು ನೀರಿನ ಜೊತೆ ಮಾತ್ರೆ ನುಂಗಿದ. ಬಾಣಲೆಯ ಕಡೆ ನೋಡಿದ. ಕೇಳಲಿಲ್ಲ. ಕೇಳಲಿ ಎಂದು ನಾನೂ ಒಂದು ಕ್ಷಣ ಸೌಟು ಆಡಿಸುವುದನ್ನು ನಿಲ್ಲಿಸಿದೆ. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ಹಿಂದಿನ ದಿನ ಇದೇ ವಿಷಯಕ್ಕೆ ಜಗಳವಾಗಿತ್ತು, ಅವನನ್ನು ಕೊಲೆಗಾರ ಎಂದೂ ಅಂದುಬಿಟ್ಟಿದ್ದೆ. ಅವಲಕ್ಕಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿ ನನ್ನ ಚೀಲದಲ್ಲಿಟ್ಟೆ.

ಐ-ಹದಿನೈದು ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗಿ ಬೆಟ್ಟ ಹತ್ತಿದೆವು. ಇನ್ನೂ ಬೆಳಕಾಗುವ ಮೊದಲೇ ಅವನು ಬಿಲ್ಲು ತೆಗೆದುಕೊಂಡು ಕಾಡಿನೊಳಕ್ಕೆ ಹೋದ. ನಾನು ಕಾರಿನಲ್ಲಿ ಸ್ವಲ್ಪ ಮಲಗಿದೆ, ಸ್ವಲ್ಪ ಓದಿದೆ. ಎಂಟು ಗಂಟೆಗೆಲ್ಲ ಸೆಕೆ ಶುರುವಾಯಿತು. ಕಾಡ್ಗಿಚ್ಚಿನ ಸೀಸನ್ನು, ಗಾಳಿಯಲ್ಲಿ ಒಣ ಎಲೆಯ ವಾಸನೆ. ಬೆಂಕಿ ಕಾವಲಿನ ಲಾರಿಯೊಂದು ರಸ್ತೆಯಲ್ಲಿ ಎರಡು ಸಲ ಹಾದುಹೋಯಿತು.

ಹತ್ತಕ್ಕೆ ಸರಿಯಾಗಿ ಹೊರಟೆ. ಒರತೆ ದಾಟಿ ದಾರಿ ಹಿಡಿದಾಗ ಮುಂದೆ ಎಲ್ಲೋ ಜೇ ಹಕ್ಕಿಯೊಂದು ಬಿಡದೆ ಬೈಯುತ್ತಿತ್ತು. ನೀಲಿ ಬಣ್ಣದ ಜಗಳಗಂಟಿ ಹಕ್ಕಿ ಅದು, ತನಗೆ ಒಪ್ಪದ್ದು ಕಂಡರೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಹತ್ತಿರವಾದಾಗ ಅದು ನಮ್ಮ ಓಕ್ ಮರದಲ್ಲೇ ಕೂತಿರುವುದು ತಿಳಿಯಿತು. ಅವನು ಅಲ್ಲಾಡಿದ್ದರೆ ಹಾರಿಹೋಗಬೇಕಿತ್ತು. ಹಾರಲಿಲ್ಲ, ಬೈಯುತ್ತಲೇ ಇತ್ತು.

ನಾನು ತಲೆಯೆತ್ತಿದೆ. ಅವನು ಕಂಡ.

ಪೂರ್ತಿ ಅಲ್ಲ. ಸೀರೆಯ ಅಂಚಿನ ಕೆಳಗೆ ಒಂದು ಕೈ ಜೋತುಬಿದ್ದಿತ್ತು. ಬೆರಳುಗಳು ಬಿಡಿಯಾಗಿದ್ದವು. ಎಲೆಗಳ ನಡುವೆ ಮುಖದ ಒಂದು ಪಾಲು, ಕಾಂಡಕ್ಕೆ ಒರಗಿದ ಹಾಗೆ. ಕಣ್ಣು ತೆರೆದಿತ್ತೋ ಮುಚ್ಚಿತ್ತೋ ನೆರಳಿಗೆ ತಿಳಿಯಲಿಲ್ಲ. ಮೂರು ತಿಂಗಳು ಆ ಮರವನ್ನು ಓದಿದವಳು ನಾನು, ಅವನು ಕೈ ಜೋತುಬಿಟ್ಟು ಕೂರುವವನಲ್ಲ ಎಂದು ನನಗೆ ಗೊತ್ತಿತ್ತು. ಗಾಳಿ ಆಗಲೇ ತಿರುಗಿ ಇಳಿಜಾರಿನ ಕೆಳಗಿನಿಂದ ಬಿಸಿಯಾಗಿ ಮೈಗೆ ತಾಗುತ್ತಿತ್ತು. ಹಾಗಿದ್ದ ಮೇಲೆ ಅವನು ಅಲ್ಲಿ ಕೂತಿರಲು ಕಾರಣವೇ ಇರಲಿಲ್ಲ. ಅದೂ ಗೊತ್ತಿತ್ತು.

ಆದರೂ ಮೊದಲು ಬಂದದ್ದು ಸಿಟ್ಟು. ನಿದ್ದೆ ಹೊಡೆಯುತ್ತಿದ್ದಾನೆ, ನನ್ನನ್ನು ಕಾರಿನಲ್ಲಿ ಬೇಯಲು ಬಿಟ್ಟು ಇವನು ಇಲ್ಲಿ ತಣ್ಣಗೆ ಮಲಗಿದ್ದಾನೆ ಎಂದುಕೊಂಡೆ. ಆಮೇಲೆ ನಿಯಮ ನೆನಪಾಯಿತು, ಕೂಗಬಾರದು. ಸರಿ, ಕೂಗುವುದಿಲ್ಲ, ನಿನ್ನ ನಿಯಮ ನಿನಗೇ ಇರಲಿ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದು ಇವತ್ತಿಗೂ ಹಾಗೆಯೇ ನೆನಪಿದೆ. ಲ್ಯಾಬಿನಲ್ಲಾಗಿದ್ದರೆ ಆ ಕೈಯ ಪಕ್ಕ ಚುಕ್ಕೆ ಇಡದೆ ಗಾಜಿನ ಪಟ್ಟಿಯನ್ನು ಕೆಳಗಿಡುತ್ತಿರಲಿಲ್ಲ. ಇಲ್ಲಿ ತಿರುಗಿ ನಡೆದೆ.

ಕಾರಿಗೆ ಬಂದು ಕಿಟಕಿ ಇಳಿಸಿ ಅವಲಕ್ಕಿಯ ಡಬ್ಬಿ ತೆರೆದೆ. ಹೊಟ್ಟೆ ತುಂಬ ತಿಂದೆ. ಡಬ್ಬಿ ಖಾಲಿಯಾದ ಮೇಲೆ ಅವನು ಬೆಳಿಗ್ಗೆ ಬಾಣಲೆಯ ಕಡೆ ನೋಡಿದ್ದು ಕಣ್ಣಿಗೆ ಬಂತು. ಮಾತ್ರೆ ನುಂಗಿದ್ದು ಅದರ ಹಿಂದೆಯೇ ಬಂತು. ಡಾಕ್ಟರು ಹೇಳಿದ್ದು ಬಂತು. ಡ್ಯಾಶ್‌ಬೋರ್ಡಿನ ಮೇಲೆ ಅವನು ಬಿಟ್ಟುಹೋದ ಬಿಸ್ಕೆಟ್ ಪೊಟ್ಟಣ ಕಣ್ಣೆದುರಿಗೇ ಇತ್ತು. ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷ.

ಓಡಿದೆ. ಕೂಗುತ್ತಲೇ ಓಡಿದೆ. ಮರದ ಕೆಳಗೆ ನಿಂತು ಅವನ ಹೆಸರು ಹಿಡಿದು ಕಿರುಚಿದೆ, ಕಲ್ಲೆಸೆದೆ, ಕೈ ಅಲ್ಲಾಡಲಿಲ್ಲ. ಹತ್ತಲು ಹೋದರೆ ಮೊದಲ ಮೆಟ್ಟಿಲು ನನ್ನ ತಲೆಗಿಂತ ಎಷ್ಟೋ ಮೇಲಿತ್ತು, ಕೆಳಗಿನ ತುಂಡು ಅವನ ಪಕ್ಕದಲ್ಲಿ ನೇತಾಡುತ್ತಿತ್ತು. ಕಾಂಡವನ್ನು ತಬ್ಬಿಕೊಂಡು ಎರಡು ಸಲ ಜಾರಿ ಬಿದ್ದೆ, ಮುಂಗೈಯ ಚರ್ಮ ಸುಲಿದುಹೋಯಿತು. ಮತ್ತೆ ರಸ್ತೆಗೆ ಓಡಿ, ಬೆಂಕಿ ಕಾವಲಿನ ಲಾರಿ ಹೋದ ದಿಕ್ಕಿಗೆ ಓಡುತ್ತ, ತಿರುವಿನಲ್ಲಿ ನಿಂತಿದ್ದ ಅದನ್ನು ಸೇರಿದೆ. ಇಬ್ಬರು ಯುವಕರು ಏಣಿ ಹೊತ್ತು ನನ್ನ ಹಿಂದೆ ಬಂದರು. ಮರದ ಕೆಳಗೇ ನಿಂತು ಯಾವ ಮರ, ಎಲ್ಲಿದ್ದಾರೆ ಎಂದು ಕೇಳಿದರು. ನಾನು ಬೆರಳು ತೋರಿಸಿದ ಮೇಲೆಯೇ ಅವರಿಗೆ ಕಂಡದ್ದು.

ಮರಕ್ಕೆ ಬಿಗಿದುಕೊಂಡಿದ್ದ ಸುರಕ್ಷತೆಯ ಬೆಲ್ಟು ಅವನನ್ನು ಹಿಡಿದಿತ್ತು, ಇಲ್ಲದಿದ್ದರೆ ಬಿದ್ದಿರುತ್ತಿದ್ದ. ಅಲ್ಲೇ ಮೇಲೆಯೇ ಬಾಯಿಗೆ ಸಕ್ಕರೆಯ ಪಾಕ ಹಚ್ಚಿದರು, ಇಳಿಸಿದ ಮೇಲೆ ಆಂಬ್ಯುಲೆನ್ಸ್ ಬಂತು. ಎಸ್ಕಾಂಡಿಡೊದ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟ. ಸಾಯಂಕಾಲ ಮಾತಾಡಿದ. ಮಾತಾಡಿದ ಮೊದಲ ಪೂರ್ತಿ ವಾಕ್ಯ ಇದು:

"ನೀನು ಕೆಳಗಡೆ ಬಂದು ಹೋದ ಹಾಗೆ ಅನ್ನಿಸ್ತು. ನಿಂಗೆ ನಾನು ಕಾಣಲಿಲ್ವಾ?"

"ಕಾಣಲಿಲ್ಲ," ಎಂದೆ.

ಅವನ ಮುಖದಲ್ಲಿ ನೆಮ್ಮದಿ ಕಂಡಿತು. ಅಷ್ಟು ಚೆನ್ನಾಗಿ ಮುಚ್ಚಿದ್ದೆವಾ ಎಂದು ಕೇಳಿ ನಗಲು ನೋಡಿದ. ನಾನು ನೀರು ತರುತ್ತೇನೆಂದು ಹೊರಗೆ ಹೋಗಿ ಕಾರಿಡಾರಿನಲ್ಲಿ ಗೋಡೆ ಹಿಡಿದು ನಿಂತೆ.

ಮನೆಗೆ ಬಂದ ಮೇಲೆ ನಷ್ಟ ಏನೆಂದು ಸ್ವಲ್ಪಸ್ವಲ್ಪವಾಗಿ ತಿಳಿಯಿತು. ನಡೆಯುತ್ತಾನೆ, ನಗುತ್ತಾನೆ, ಹಳೆಯದೆಲ್ಲ ನೆನಪಿದೆ. ಹೊಸದು ನಿಲ್ಲುವುದಿಲ್ಲ. ಬೆಳಿಗ್ಗೆ ಹೇಳಿದ್ದು ಕೆಲವೊಮ್ಮೆ ಸಾಯಂಕಾಲಕ್ಕೆ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಹತ್ತೊಂಬತ್ತು ವರ್ಷ ಓಡಾಡಿದ ಐ-ಹದಿನೈದರಲ್ಲಿ ಎಕ್ಸಿಟ್ ತಪ್ಪಿಸಿದ. ಆಫೀಸಿನಲ್ಲಿ ದೊಡ್ಡ ಪ್ರಾಜೆಕ್ಟಿನಿಂದ ಇಳಿಸಿದರು, ಆಮೇಲೆ ಅವನೇ ಬಿಟ್ಟ. ನಾನು ಷರತ್ತುಗಳನ್ನೆಲ್ಲ ರದ್ದು ಮಾಡಿದೆ. ಗ್ಯಾರೇಜಿನ ಪಾತ್ರೆಗಳನ್ನು ಒಳಗೆ ತಂದಿಟ್ಟೆ, ಏನು ಬೇಕಾದರೂ ಇಲ್ಲೇ ಮಾಡಿಕೋ ಎಂದೆ. ಅವನು ಅವನ್ನು ತೆಗೆದುಕೊಂಡು ಹೋಗಿ ಮತ್ತೆ ಗ್ಯಾರೇಜಿನಲ್ಲಿಟ್ಟ. ಮರೆತು ಇಟ್ಟನೋ, ಬೇಕೆಂದು ಇಟ್ಟನೋ ಕೇಳಲು ಧೈರ್ಯವಾಗಲಿಲ್ಲ.

ಬೇಟೆ ಬಿಡುತ್ತಾನೆ ಎಂದುಕೊಂಡಿದ್ದೆ. ಬಿಡಲಿಲ್ಲ. ಡಾಕ್ಟರು ಮಾತ್ರೆ ಬದಲಾಯಿಸಿದ್ದರು, ಹಳೆಯ ಮಾತ್ರೆಯೊಂದೇ ಅಡ್ಡಿಯಾಗಿತ್ತು ಎನ್ನುವುದು ಅವನ ವಾದ. ಮರುವರ್ಷ ಅದೇ ಮರಕ್ಕೇ ಹೋದ. ಬೇರೆ ಮರ ನೋಡೋಣ, ನೆಲದ ಮೇಲೆ ಕೂರು, ರಸ್ತೆಗೆ ಹತ್ತಿರ ಕಟ್ಟೋಣ ಎಂದೆಲ್ಲ ಹೇಳಿದೆ. ಸ್ವಂತ ಹೆಂಡತಿ ಕೆಳಗೆ ನಡೆದು ಹೋದರೂ ಕಾಣದಂಥ ಮರವನ್ನು ಯಾವ ಬೇಟೆಗಾರ ಬಿಡುತ್ತಾನೆ ಎಂದ. ಅವನ ನಂಬಿಕೆಯೆಲ್ಲ ನಿಂತದ್ದು ನನ್ನ ಒಂದು ಮಾತಿನ ಮೇಲೆ. ತಲೆ ಅಷ್ಟಕ್ಕಷ್ಟೇ ಇರುವ ಮನುಷ್ಯ ಹದಿನೆಂಟು ಅಡಿ ಮೇಲೆ ಕೂರುತ್ತಿದ್ದ, ನಾನು ಈಗ ಅರ್ಧ ಗಂಟೆಗೊಮ್ಮೆ ಹೋಗಿ ಕೂಗುತ್ತಿದ್ದೆ. ಜಿಂಕೆ ಹತ್ತಿರ ಸುಳಿಯಲಿಲ್ಲ. ಅವನು ಸಿಡುಕಿದ. ಸಿಡುಕಲಿ ಎಂದು ಮತ್ತೂ ಜೋರಾಗಿ ಕೂಗಿದೆ.

ಹಾಗೇ ಎರಡು ಸೀಸನ್ನು ಕಳೆದವು. ಮುಂದಿನ ಬೇಸಿಗೆಯ ಒಂದು ಭಾನುವಾರ ಪೋರ್ಟರ್ ರ್ಯಾಂಚಿನಲ್ಲಿರುವ ಆಂಟಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಆಂಟಿ ಲಾಸ್ ಏಂಜಲೀಸಿಗೆ ಬಂದು ನಲವತ್ತು ವರ್ಷವಾದ, ಈಗ ನಿವೃತ್ತರಾದ ಡಾಕ್ಟರು. ನಮ್ಮಿಬ್ಬರಿಗೂ ತಾಯಿಯ ಸ್ಥಾನದಲ್ಲಿರುವವರು, ಮುಲಾಜಿಲ್ಲದೆ ಮಾತಾಡುವವರು. ಊಟದ ಮಧ್ಯೆ ಅವನು ಉಪ್ಪಿನಕಾಯಿ ಬೇಕೇ ಎಂಬ ಪ್ರಶ್ನೆಗೆ ಮೂರು ಸಲ ಉತ್ತರ ಕೊಟ್ಟದ್ದನ್ನು ನೋಡಿ ಆ ದಿನದ ವಿಷಯ ಕೇಳಿದರು. ಎಷ್ಟು ಗಂಟೆಗೆ ಹತ್ತಿದ, ಎಷ್ಟು ಹೊತ್ತಿಗೆ ಇಳಿಸಿದರು ಎಂದು ಕೇಸ್ ಶೀಟು ಬರೆಯುವವರಂತೆ ಕೇಳಿದರು. ನಾನು ಹೇಳಿದೆ.

"ಒಂದು ಗಂಟೆ ಮೊದಲು ಯಾರ ಕಣ್ಣಿಗಾದ್ರೂ ಬಿದ್ದಿದ್ರೆ ಇಷ್ಟು ಆಗ್ತಿರಲಿಲ್ವೇನೋ," ಎಂದರು ಆಂಟಿ. "ಮಿದುಳಿಗೆ ಆ ಒಂದು ಗಂಟೆ ಬಹಳ."

ಅವನು ತಕ್ಷಣ ನನ್ನ ಪರ ವಹಿಸಿದ. ಇವಳು ಹತ್ತು ಗಂಟೆಗೇ ಬಂದಿದ್ದಳು, ಕೆಟ್ಟ ಕೋಶ ಹುಡುಕಿ ಸಂಬಳ ತೆಗೆದುಕೊಳ್ಳುವ ಕಣ್ಣಿಗೇ ಕಾಣಲಿಲ್ಲವೆಂದರೆ ಇನ್ನು ಯಾರ ಕಣ್ಣಿಗೆ ಬೀಳಬೇಕು ಎಂದ. ಮೇಜಿನ ಸುತ್ತ ಇದ್ದ ಬೇರೆ ಅತಿಥಿಗಳೆಲ್ಲ ನಕ್ಕರು. ಆಂಟಿ ನಗಲಿಲ್ಲ, ನನ್ನನ್ನೇ ನೋಡಿದರು. ನಾನು ತಟ್ಟೆ ನೋಡಿಕೊಂಡೆ.

ವಾಪಸು ಬರುವಾಗ ನಾನೇ ಡ್ರೈವ್ ಮಾಡುತ್ತಿದ್ದೆ, ಈಗ ಯಾವಾಗಲೂ ನಾನೇ. ಫ್ರೀವೇ ಸಮುದ್ರದ ಪಕ್ಕಕ್ಕೆ ಬಂದಾಗ ಇನ್ನೂ ಬಿಸಿಲಿತ್ತು. ಇನ್ನು ತಡೆಯಲಾಗಲಿಲ್ಲ. ಮೂರು ವರ್ಷದ ಮೇಲೆ ಹೇಳಿದರೆ ಏನು ಬಂತು ಎನ್ನುವ ಪ್ರಶ್ನೆಯನ್ನೂ ಆಗ ಕೇಳಿಕೊಳ್ಳಲಿಲ್ಲ. ಆ ಮರಕ್ಕೆ ಇವನು ಮತ್ತೆ ಹತ್ತುತ್ತಾನೆ, ನನ್ನ ಸುಳ್ಳನ್ನು ನಂಬಿ ಹತ್ತುತ್ತಾನೆ ಎನ್ನುವುದೊಂದೇ ತಲೆಯಲ್ಲಿತ್ತು. ರಸ್ತೆಯ ಮೇಲೇ ಕಣ್ಣಿಟ್ಟುಕೊಂಡು ಹೇಳಿದೆ.

"ಆವತ್ತು ನೀನು ಕಂಡಿದ್ದೆ. ಕೈ ಜೋತುಬಿದ್ದಿತ್ತು. ನೋಡಿ, ಸುಮ್ಮನೆ ವಾಪಸ್ ಹೋದೆ."

ಓಷನ್‌ಸೈಡ್ ಊರು ಬಂತು. ಆಗ ಅವನು ಮೆತ್ತಗೆ, ದಾರಿ ಕೇಳುವವನ ದನಿಯಲ್ಲಿ, ಹೋಗಿ ಏನು ಮಾಡಿದೆ ಎಂದು ಕೇಳಿದ.

"ಕಾರಲ್ಲಿ ಕೂತು ತಿಂಡಿ ತಿಂದೆ."

"ಏನು ತಿಂಡಿ?"

"ಅವಲಕ್ಕಿ."

ಹೂಂ ಎಂದ. ಕಿಟಕಿಯ ಕಡೆ ತಿರುಗಿ ಕೂತ. ಮನೆ ಬಂತು, ಕಾರಿನಿಂದ ಇಳಿದು ಆಂಟಿ ಕೊಟ್ಟ ಡಬ್ಬಿಗಳನ್ನು ಒಳಗೆ ತಂದಿಟ್ಟ, ಕಾಲು ತೊಳೆದುಕೊಂಡ, ಮಲಗಿದ. ಬೈಯಲಿಲ್ಲ, ಮುನಿಸಿಕೊಳ್ಳಲಿಲ್ಲ. ನಾನು ಬೈಗುಳಕ್ಕಾಗಿ ಕಾದೆ. ಮರುದಿನವೂ ಕಾದೆ, ಆ ವಾರವಿಡೀ ಕಾದೆ. ಅವನು ಎಂದಿನಂತೆಯೇ ಇದ್ದ.

ಎರಡು ವಾರದ ಮೇಲೆ ಅವನು ಹಿತ್ತಲಲ್ಲಿ ಕೂತು ಹಳೆಯ ಆಫೀಸಿನ ಗೆಳೆಯನೊಡನೆ ಫೋನಿನಲ್ಲಿ ಮಾತಾಡುತ್ತಿದ್ದ. ನಾನು ಒಳಗೆ ಬಟ್ಟೆ ಮಡಿಸುತ್ತಿದ್ದೆ, ಬಾಗಿಲು ತೆರೆದಿತ್ತು. ಈ ವರ್ಷವೂ ಅದೇ ಮರ, ಅಂಥ ಮರ ಇನ್ನೊಂದು ಸಿಗುವುದಿಲ್ಲ, ನನ್ನ ಹೆಂಡತಿ ಕೆಳಗೇ ಬಂದು ನಿಂತು ತಲೆಯೆತ್ತಿ ನೋಡಿದರೂ ನಾನು ಅವಳಿಗೆ ಕಾಣಲಿಲ್ಲ ಎಂದು ಹೇಳುತ್ತಿದ್ದ. ಕಾರಿನಲ್ಲಿ ನಾನು ಹೇಳಿದ್ದು ಅವನ ತಲೆಯಲ್ಲಿ ನಿಲ್ಲಲಿಲ್ಲವೋ, ಇಲ್ಲ ನಿಂತೂ ನಾಲ್ಕು ಜನರ ಮುಂದೆ ನನ್ನನ್ನು ಕಾಯುತ್ತಿದ್ದಾನೋ, ನನಗೆ ಗೊತ್ತಾಗಲಿಲ್ಲ. ಎರಡರಲ್ಲಿ ಯಾವುದೇ ಆಗಿದ್ದರೂ ನನ್ನಿಂದ ತಡೆಯಲಾಗುವಂಥದ್ದಲ್ಲ.

ಫೋನಿಟ್ಟು ಒಳಗೆ ಬಂದ. ನನ್ನ ಕೈಯಲ್ಲಿದ್ದ ಅವನ ಅಂಗಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ, ಸ್ವಲ್ಪ ಹೆಚ್ಚು ಹೊತ್ತೇ ನೋಡಿದ ಎಂದು ನನಗನ್ನಿಸುತ್ತದೆ. ಸೀಸನ್ನು ಶುರುವಾಗಲು ಇನ್ನೆಷ್ಟು ವಾರ ಇದೆ ಎಂದು ಕೇಳಿದ. ಆರು ಎಂದೆ. ಕಾರಿನಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಹೇಳಲಿಲ್ಲ.